ಅರ್ಧ ಬ್ಯಾಂಡಿನ ಲೆಕ್ಕ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)





ಇಪ್ಪತ್ತು ವರ್ಷಗಳ ಹಿಂದೆ ಇಂಥ ಸಭೆಯಲ್ಲಿ ನಾವು ಮಾತಾಡುತ್ತಿದ್ದುದು ಎಸೆಸೆಲ್ಸಿ ಪಾಸಾಗುವ ಬಗ್ಗೆ. ಈಗ ಅಲ್‌ಹಮ್ದುಲಿಲ್ಲಾಹ್, ನಮ್ಮ ಹೆಣ್ಣುಮಕ್ಕಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಬ್ರಿಟನ್ನಿನ ಆಸ್ಪತ್ರೆಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಹುಡುಗರು ಎಂಜಿನಿಯರಿಂಗ್ ಮುಗಿಸಿ ಹೊರದೇಶದಲ್ಲಿ ಸ್ನಾತಕೋತ್ತರ ಓದಲು ಹೊರಟಿದ್ದಾರೆ. ಅವರ ದಾರಿಯಲ್ಲಿ ಒಂದು ಇಂಗ್ಲಿಷ್ ಪರೀಕ್ಷೆ ನಿಂತಿದೆ. ಹೆಚ್ಚಿನವರು ಬರೆಯುವುದು ಐಇಎಲ್‌ಟಿಎಸ್. ಅದರ ಶುಲ್ಕವೇ ಈಗ 17 ಸಾವಿರ ರೂಪಾಯಿಗೂ ಮೀರಿದೆ. ಅರ್ಧ ಬ್ಯಾಂಡ್ ಕಡಿಮೆ ಬಂದಾಗ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಮರುಮೌಲ್ಯಮಾಪನಕ್ಕೆ ಹಾಕುವುದೋ ಬೇಡವೋ?

ಕಳೆದ ವರ್ಷ ಒಬ್ಬ ತಾಯಿ ಮಗಳ ಫಲಿತಾಂಶ ಹಿಡಿದು ಬಂದಿದ್ದರು. "ಮಾಸ್ಟ್ರೇ, ಪಿಯುಸಿಯಲ್ಲಿ ಇವಳಿಗೆ ಮರುಮೌಲ್ಯಮಾಪನದಲ್ಲಿ ಅಂಕ ಸಿಕ್ಕಿತ್ತು. ಇದಕ್ಕೂ ಹಾಕಿಬಿಡೋಣವಾ?" ಎಂದು ಕೇಳಿದರು. ಪ್ರಶ್ನೆ ಸಹಜವೇ. ಆದರೆ ಎರಡೂ ಒಂದೇ ಅಲ್ಲ. ನಮ್ಮ ಬೋರ್ಡ್ ಪರೀಕ್ಷೆಯಲ್ಲಿ ಮೊದಲು ಉತ್ತರ ಪತ್ರಿಕೆಯ ನಕಲು ತರಿಸುತ್ತೇವೆ, ಅಧ್ಯಾಪಕರಿಗೆ ತೋರಿಸುತ್ತೇವೆ, ಎಲ್ಲಿ ಅಂಕ ತಪ್ಪಿದೆ ಎಂದು ಕಣ್ಣಾರೆ ನೋಡಿ ಅರ್ಜಿ ಹಾಕುತ್ತೇವೆ. ಐಇಎಲ್‌ಟಿಎಸ್‌ನಲ್ಲಿ ಉತ್ತರ ಪತ್ರಿಕೆ ನಮ್ಮ ಕೈಗೆ ಬರುವುದಿಲ್ಲ. ನೋಡದೆಯೇ ನಿರ್ಧರಿಸಬೇಕು. ಹಾಗಾಗಿ ನೋಡಲು ಸಿಗುವುದನ್ನಾದರೂ ಸರಿಯಾಗಿ ನೋಡಬೇಕು.

ಮೊದಲು ಪರೀಕ್ಷೆಯ ರಚನೆ. ಆಲಿಸುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಪ್ರತಿಯೊಂದಕ್ಕೂ 9ರವರೆಗೆ ಬ್ಯಾಂಡ್. ಆಲಿಸುವ ಮತ್ತು ಓದುವ ಭಾಗಗಳಲ್ಲಿ ತಲಾ 40 ಪ್ರಶ್ನೆ, ಒಂದಕ್ಕೆ ಒಂದು ಅಂಕ. ಉತ್ತರ ಸರಿ ಅಥವಾ ತಪ್ಪು, ನಡುವೆ ಏನೂ ಇಲ್ಲ. ಬರವಣಿಗೆ ಮತ್ತು ಮಾತಿನ ಭಾಗ ಹಾಗಲ್ಲ. ಅಲ್ಲಿ ಒಬ್ಬ ಪರೀಕ್ಷಕರು ವಿಷಯ, ಜೋಡಣೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಮುಂತಾದವನ್ನು ತೂಗಿ ಬ್ಯಾಂಡ್ ಕೊಡುತ್ತಾರೆ. ಎಸೆಸೆಲ್ಸಿ ಮೌಲ್ಯಮಾಪನ ಕೇಂದ್ರದಲ್ಲಿ ಕೂತ ಶಿಕ್ಷಕರಿಗೆಲ್ಲ ಇದು ಗೊತ್ತು. ಬಿಟ್ಟ ಸ್ಥಳ ತುಂಬಿದ್ದಕ್ಕೆ ಇಬ್ಬರು ಮೌಲ್ಯಮಾಪಕರೂ ಒಂದೇ ಅಂಕ ಕೊಡುತ್ತಾರೆ. ಪ್ರಬಂಧಕ್ಕೆ ಒಬ್ಬರು ಮೂರು ಕೊಟ್ಟರೆ ಇನ್ನೊಬ್ಬರು ನಾಲ್ಕು ಕೊಡಬಹುದು. ಇಬ್ಬರೂ ಪ್ರಾಮಾಣಿಕರೇ.

ಆದ್ದರಿಂದ ಮೊದಲ ಮಾತು: ಕೊರತೆ ಇರುವುದು ಆಲಿಸುವ ಅಥವಾ ಓದುವ ಭಾಗದಲ್ಲಾದರೆ ಮರುಮೌಲ್ಯಮಾಪನಕ್ಕೆ ಹಣ ಹಾಕುವ ಮೊದಲು ಎರಡು ಸಲ ಯೋಚಿಸಿ. ಕೊರತೆ ಬರವಣಿಗೆಯಲ್ಲೋ ಮಾತಿನಲ್ಲೋ ಇದ್ದರೆ ಯೋಚಿಸಲು ಕಾರಣವಿದೆ.

ಎರಡನೆಯದು ಕೂಡಿಸುವ ಲೆಕ್ಕ. ನಾಲ್ಕೂ ಬ್ಯಾಂಡ್ ಕೂಡಿಸಿ ನಾಲ್ಕರಿಂದ ಭಾಗಿಸುತ್ತಾರೆ. ಕೊನೆಗೆ .25 ಬಂದರೆ ಮೇಲಿನ ಅರ್ಧಕ್ಕೆ, .75 ಬಂದರೆ ಮೇಲಿನ ಪೂರ್ಣ ಸಂಖ್ಯೆಗೆ ಏರಿಸುತ್ತಾರೆ. ಅಂದರೆ ಒಟ್ಟು ಬ್ಯಾಂಡ್ 6.5 ಬೇಕಾದರೆ ನಾಲ್ಕರ ಮೊತ್ತ 25 ಆಗಬೇಕು. 7 ಬೇಕಾದರೆ 27. ಇದನ್ನು ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ.

ಒಬ್ಬ ಹುಡುಗನಿಗೆ 6.5, 6, 6, 6 ಬಂದಿದೆ ಎನ್ನೋಣ. ಮೊತ್ತ 24.5, ಒಟ್ಟು ಬ್ಯಾಂಡ್ 6. ಅವನಿಗೆ ಬೇಕಾದದ್ದು 6.5. ಬರವಣಿಗೆಯಲ್ಲಿ ಅರ್ಧ ಏರಿದರೆ ಮೊತ್ತ 25, ಕೆಲಸ ಆಯಿತು. ಇನ್ನೊಬ್ಬನಿಗೆ 6, 5.5, 6, 6. ಮೊತ್ತ 23.5. ಇವನ ಒಟ್ಟು ಬ್ಯಾಂಡ್ ಕೂಡ 6 ಎಂದೇ ಬರುತ್ತದೆ. ಆದರೆ 25 ಮುಟ್ಟಲು ಮೂರು ಅರ್ಧಗಳು ಬೇಕು. ಮೊದಲನೆಯವನಿಗೆ ಅರ್ಜಿ ಹಾಕುವುದರಲ್ಲಿ ಅರ್ಥವಿದೆ. ಎರಡನೆಯವನಿಗೆ ಆ ಹಣದಲ್ಲಿ ಪುಸ್ತಕ ಕೊಡಿಸಿ, ಎರಡು ತಿಂಗಳು ಓದಿಸುವುದೇ ಒಳ್ಳೆಯದು. ಮೇಲಿನ ಒಟ್ಟು ಬ್ಯಾಂಡನ್ನು ಮಾತ್ರ ನೋಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ.

ಮೂರನೆಯದು, ಮಗುವನ್ನೇ ಕೇಳುವುದು. ಗದರಿಸದೆ ಕೇಳಿ. ಬರವಣಿಗೆಗೆ 60 ನಿಮಿಷ, ಎರಡು ಪ್ರಶ್ನೆ. ಮೊದಲನೆಯದಕ್ಕೆ ಕನಿಷ್ಠ 150 ಪದ, ಎರಡನೆಯದಕ್ಕೆ 250. ಎರಡನೆಯದರ ತೂಕ ಮೊದಲನೆಯದರ ಇಮ್ಮಡಿ. ಎರಡನೆಯ ಪ್ರಬಂಧ ಮುಗಿಸಿದೆಯಾ? ಪದ ಸಾಲದೆ ಹೋಯಿತಾ? ಕೋಚಿಂಗಿನಲ್ಲಿ ಬಾಯಿಪಾಠ ಮಾಡಿದ್ದನ್ನೇ ಬರೆದೆಯಾ? ಇವಕ್ಕೆ ಸಿಗುವ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ಬಂದ ಬ್ಯಾಂಡ್ ನ್ಯಾಯವಾಗಿಯೇ ಬಂದಿರಬಹುದು. ಸಮಯ ಇಟ್ಟು ಮಾಡಿದ ಅಭ್ಯಾಸ ಪರೀಕ್ಷೆಗಳಲ್ಲಿ ಯಾವಾಗಲೂ ಹೆಚ್ಚು ಬರುತ್ತಿತ್ತು, ಅವತ್ತೂ ಪೂರ್ತಿ ಬರೆದಿದ್ದಾಳೆ ಎಂದಾದರೆ ಅರ್ಜಿಗೆ ಆಧಾರ ಇದೆ.

ನಾಲ್ಕನೆಯದು ದಿನಗಳ ಲೆಕ್ಕ. ಅರ್ಜಿಯ ಗಡುವು ಆರು ವಾರ. ಅದನ್ನು ಎಣಿಸುವುದು ಪರೀಕ್ಷೆ ಬರೆದ ದಿನದಿಂದ, ಫಲಿತಾಂಶದ ದಿನದಿಂದಲ್ಲ. ಯಾವ ಭಾಗ ಬೇಕೋ ಅದನ್ನಷ್ಟೇ ಆರಿಸಬಹುದು. ಹಿರಿಯ ಪರೀಕ್ಷಕರು ಮತ್ತೆ ನೋಡುತ್ತಾರೆ, ಮಾತಿನ ಭಾಗಕ್ಕೆ ಧ್ವನಿಮುದ್ರಣ ಇರುತ್ತದೆ. ಉತ್ತರ ಬರಲು 2ರಿಂದ 21 ದಿನ. ಬ್ಯಾಂಡ್ ಏರಿದರೆ ಕಟ್ಟಿದ ಶುಲ್ಕ ವಾಪಸ್. ಅರ್ಜಿಯನ್ನು ಪರೀಕ್ಷಾ ಕೇಂದ್ರದ ಮೂಲಕ, ಮಗುವಿನ ಸ್ವಂತ ಖಾತೆಯಿಂದಲೇ ಹಾಕಿ. "ಒಳಗೆ ನಮ್ಮವರಿದ್ದಾರೆ, ಏರಿಸಿಕೊಡುತ್ತೇವೆ" ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದು ಮೋಸ, ನಮ್ಮ ದೀನಿನಲ್ಲಿ ಹರಾಮ್ ಕೂಡ.

ಬೇರೆ ದಾರಿಗಳೂ ಇವೆ. ಕಂಪ್ಯೂಟರಿನಲ್ಲಿ ಬರೆದವರು 60 ದಿನದೊಳಗೆ ಒಂದು ಭಾಗವನ್ನು ಮಾತ್ರ ಮತ್ತೆ ಬರೆಯಬಹುದು. ಆದರೆ ಎಲ್ಲ ಸಂಸ್ಥೆಗಳೂ ಅದನ್ನು ಒಪ್ಪುವುದಿಲ್ಲ, ಮೊದಲು ಕೇಳಿಕೊಳ್ಳಿ. ನರ್ಸಿಂಗ್ ಮಕ್ಕಳಿಗೆ ಒಇಟಿ ಎಂಬ ಇನ್ನೊಂದು ಪರೀಕ್ಷೆ ಇದೆ, ಅದರ ಪ್ರಶ್ನೆಗಳು ಆಸ್ಪತ್ರೆಯ ಕೆಲಸಕ್ಕೇ ಸಂಬಂಧಿಸಿದವು.

ಆ ತಾಯಿಯ ಮಗಳ ವಿಷಯಕ್ಕೆ ಬರುತ್ತೇನೆ. ಆಲಿಸುವುದು 7.5, ಓದುವುದು 7, ಮಾತು 7, ಬರವಣಿಗೆ 6. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಕೇಳುವುದು ಉಳಿದ ಮೂರರಲ್ಲಿ 7, ಬರವಣಿಗೆಯಲ್ಲಿ 6.5. ಮೊತ್ತ 27.5 ಇದ್ದುದರಿಂದ ಒಟ್ಟು ಬ್ಯಾಂಡ್ 7 ಬಂದೇ ಇತ್ತು. ಅಡ್ಡ ನಿಂತದ್ದು ಬರವಣಿಗೆಯ ಅರ್ಧ ಮಾತ್ರ. ಎರಡೂ ಪ್ರಬಂಧ ಮುಗಿಸಿದ್ದಳು. ಗಡುವಿಗೆ ಇನ್ನೂ ಮೂರು ವಾರ ಇತ್ತು. ಬರವಣಿಗೆಗೆ ಮಾತ್ರ ಅರ್ಜಿ ಹಾಕಿ ಎಂದೆ. ಆದರೆ ಒಂದು ಷರತ್ತು: ಉತ್ತರ ಬರುವವರೆಗೆ ಕೈಕಟ್ಟಿ ಕೂರಬಾರದು, ದಿನಕ್ಕೊಂದು ಪ್ರಬಂಧ ಬರೆಯಬೇಕು.

ಬ್ಯಾಂಡ್ ಬದಲಾಗಲಿಲ್ಲ. ಶುಲ್ಕ ಹೋಯಿತು. ತಂದೆಗೆ ಬೇಸರವಾಯಿತು. ಆದರೆ ಆ ಅರ್ಜಿ ಹಾಕಿದ್ದು ಸರಿಯಾದ ನಿರ್ಧಾರವೇ ಎಂದು ಈಗಲೂ ಹೇಳುತ್ತೇನೆ. ಕೈಯಲ್ಲಿದ್ದ ಲೆಕ್ಕ ಹಾಗೆ ಹೇಳುತ್ತಿತ್ತು. ಫಲ ಅಲ್ಲಾಹನ ಕೈಯಲ್ಲಿದೆ. ಆ ಕೌನ್ಸಿಲ್ ಹನ್ನೆರಡು ತಿಂಗಳೊಳಗಿನ ಎರಡು ಪರೀಕ್ಷೆಗಳ ಅಂಕಗಳನ್ನು ಕೂಡಿಸಿ ನೋಡುತ್ತದೆ, ಯಾವ ಭಾಗವೂ ಬೇಕಾದದ್ದಕ್ಕಿಂತ ಅರ್ಧಕ್ಕಿಂತ ಹೆಚ್ಚು ಕೆಳಗೆ ಇರಬಾರದು ಅಷ್ಟೆ. ಹಾಗಾಗಿ ಮೊದಲ ಫಲಿತಾಂಶ ವ್ಯರ್ಥವಾಗಲಿಲ್ಲ. ಎರಡನೆಯ ಸಲ ಬರವಣಿಗೆಯಲ್ಲಿ 6.5 ಬಂತು. ದಿನಕ್ಕೊಂದು ಪ್ರಬಂಧ ಬರೆದದ್ದು ಅಲ್ಲಿ ಕೆಲಸಕ್ಕೆ ಬಂತು.

ದಾನಿಗಳಲ್ಲಿ ಒಂದು ವಿನಂತಿ. "ನಾವು ಕೊಟ್ಟ ಹಣ ಇಂಥ ಶುಲ್ಕಕ್ಕೆ ಹೋಗಬೇಕೇ?" ಎಂದು ಕೆಲವರು ಕೇಳಿದ್ದೀರಿ. ಕೇಳಬೇಕಾದದ್ದೇ, ಅದು ಅಮಾನತ್. ಸಮಿತಿಗೆ ನನ್ನ ಸಲಹೆ ಇಷ್ಟು: ಮೇಲಿನ ನಾಲ್ಕು ಲೆಕ್ಕ ನೋಡಿ ಆಧಾರ ಇರುವ ಅರ್ಜಿಗೆ ಮಾತ್ರ ಶುಲ್ಕವನ್ನು ಕರ್ಝೆ ಹಸನವಾಗಿ ಕೊಡಿ. ಬ್ಯಾಂಡ್ ಏರಿ ಹಣ ವಾಪಸಾದರೆ ಅದು ಟ್ರಸ್ಟಿಗೆ ಮರಳಲಿ, ಇನ್ನೊಂದು ಮಗುವಿಗೆ ಆಗುತ್ತದೆ. ಏರದಿದ್ದರೆ, ಮಗು ಕೆಲಸಕ್ಕೆ ಸೇರಿದ ಮೇಲೆ ತೀರಿಸಲಿ. ಬಡವರ ಮಗಳು ಹಣವಿಲ್ಲ ಎಂಬ ಒಂದೇ ಕಾರಣಕ್ಕೆ ನ್ಯಾಯ ಕೇಳದೆ ಉಳಿಯಬಾರದು. ಹಾಗೆಯೇ, ಸುಮ್ಮನೆ ಆಸೆಗೆ ಬಿದ್ದು ಹಾಕುವ ಅರ್ಜಿಗೆ ದಾನಿಗಳ ಹಣ ಹೋಗಬಾರದು.

ತಂದೆ ತಾಯಂದಿರೇ, ಇಸ್ತಿಖಾರಾ ಮಾಡಿ, ಬಲ್ಲವರಲ್ಲಿ ಸಲಹೆ ಕೇಳಿ. ಅದರ ಜೊತೆ ಅಂಕಪಟ್ಟಿಯನ್ನು ಮುಂದಿಟ್ಟು ನಾಲ್ಕು ಸಂಖ್ಯೆ ಕೂಡಿಸಿ. ಪರೀಕ್ಷೆಯ ತಾರೀಕು ಬರೆದಿಡಿ. ಈ ಫಲಿತಾಂಶ ಎರಡು ವರ್ಷ ನಡೆಯುವ ಒಂದು ಕಾಗದ ಮಾತ್ರ, ನಿಮ್ಮ ಮಗುವಿನ ಬೆಲೆಯಲ್ಲ. ಲೆಕ್ಕ ಹಾಕಲು ಸಹಾಯ ಬೇಕಾದವರು ಟ್ರಸ್ಟಿನ ಕಚೇರಿಗೆ ಬನ್ನಿ, ಶನಿವಾರ ಅಸರ್ ನಮಾಝಿನ ನಂತರ ನಾನು ಅಲ್ಲಿರುತ್ತೇನೆ, ಇನ್‌ಶಾ ಅಲ್ಲಾಹ್.

ಅಲ್ಲಾಹನು ನಮ್ಮ ಮಕ್ಕಳ ಶ್ರಮವನ್ನು, ದಾನಿಗಳ ಕೊಡುಗೆಯನ್ನು ಸ್ವೀಕರಿಸಲಿ. ಆಮೀನ್. ವಸ್ಸಲಾಮ್.