ಯಾವ ಬೇನೆಗೆ ಯಾವ ಚಿತ್ರ?

(ಮಿಲ್ ಕಾರ್ಮಿಕರು ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಚಂದ್ರವಳ್ಳಿಯ ನೆಲದಡಿ ಏನಿದೆಯೆಂದು ತಿಳಿಯಲು 1947ರಲ್ಲಿ ವೀಲರ್ ಸಾಹೇಬರು ಅಗೆಸಿ ನೋಡಬೇಕಾಯಿತು. ಮನುಷ್ಯನ ಮೈಯನ್ನು ಹಾಗೆ ಅಗೆಯಲಾಗದು. ಅದಕ್ಕೆಂದೇ ಒಳಗನ್ನು ಹೊರಗಿನಿಂದ ತೋರಿಸುವ ಯಂತ್ರಗಳು ಬಂದಿವೆ. 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ರಾಂಟ್ಜನ್ ಅದಕ್ಕೆ ಪೇಟೆಂಟ್ ಪಡೆಯದೆ ಲೋಕಕ್ಕೆಲ್ಲ ಬಿಟ್ಟುಕೊಟ್ಟನು. ಇಂದು ಬಡವನು ಸ್ಕ್ಯಾನಿಂಗಿಗಾಗಿ ಹೆಂಡತಿಯ ಓಲೆ ಅಡವಿಡುತ್ತಾನೆ. ಸುರಿದ ಹಣಕ್ಕೆ ತಕ್ಕ ಉತ್ತರ ಸಿಕ್ಕಿತೇ ಎಂಬುದೇ ಪ್ರಶ್ನೆ.

ದೊಡ್ಡ ಯಂತ್ರವೇ ಒಳ್ಳೆಯ ಯಂತ್ರವೆಂಬ ಭ್ರಮೆ ಬಿಡಬೇಕು. ಅಕ್ಕಸಾಲಿಯ ತಕ್ಕಡಿಯಲ್ಲಿ ಶೇಂಗಾ ಮೂಟೆ ತೂಗಲಾಗದು. ಮೂಟೆಯ ಕಾಟಾದಲ್ಲಿ ಬಂಗಾರ ತೂಗಲಾಗದು. ವರ್ತಕರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಮೂಳೆ ಮುರಿದರೆ, ಎರಡು ವಾರ ಮೀರಿ ಕೆಮ್ಮಿದರೆ, ಮೊದಲು ಎಕ್ಸ್‌ರೇ. ನೆರಳು ಕಂಡಮಾತ್ರಕ್ಕೆ ಕ್ಷಯವೆಂದು ಖಚಿತವಾಗದು. ಕಫ ಪರೀಕ್ಷೆ ಆಗಲೇಬೇಕು. ಪಿತ್ತಕೋಶದ ಕಲ್ಲಿಗೆ, ಬಸುರಿಯರಿಗೆ ಅಲ್ಟ್ರಾಸೌಂಡ್ ತಕ್ಕದ್ದು, ಅದರಲ್ಲಿ ವಿಕಿರಣವಿಲ್ಲ. ತಲೆಗೆ ಬಲವಾದ ಪೆಟ್ಟು ಬಿದ್ದರೆ, ಥಟ್ಟನೆ ಕೈಕಾಲು ಸ್ವಾಧೀನ ತಪ್ಪಿದರೆ ಸಿ.ಟಿ. ಆಗಬೇಕು, ಮಿದುಳಿನ ರಕ್ತಸ್ರಾವವನ್ನು ಅದು ನಿಮಿಷಗಳಲ್ಲಿ ತೋರಿಸುತ್ತದೆ. ಆಗ ತಡಮಾಡಕೂಡದು. ಆದರೆ ಹೊಟ್ಟೆಯ ಒಂದು ಸಿ.ಟಿ.ಯ ವಿಕಿರಣ ಎದೆಯ ಸುಮಾರು 100 ಎಕ್ಸ್‌ರೇಗಳಿಗೆ ಸಮ; ಸುಮ್ಮನೆ ಮಾಡಿಸತಕ್ಕದ್ದಲ್ಲ. ನರ, ಬೆನ್ನುಹುರಿ, ಮಂಡಿಯೊಳಗಿನ ನಾರುಗಳನ್ನು ನೋಡಲು ಎಂ.ಆರ್.ಐ. ಅದು ಬಲವಾದ ಅಯಸ್ಕಾಂತ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು, ಕೆಲಸದಲ್ಲಿ ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕವರು ಮೊದಲೇ ಹೇಳಬೇಕು.

ಮೂಟೆ ಹೊತ್ತು ಸೊಂಟ ಹಿಡಿದ ಹಮಾಲರು ಕೂಡಲೇ ಎಂ.ಆರ್.ಐ.ಗೆ ಓಡಬೇಕಾಗಿಲ್ಲ. ಬಹುಪಾಲು ಸೊಂಟನೋವು ಆರು ವಾರದೊಳಗೆ ಇಳಿಯುತ್ತದೆ. ನೋವಿಲ್ಲದವರ ಬೆನ್ನಿನಲ್ಲಿಯೂ ವಯಸ್ಸಿನೊಂದಿಗೆ ಸವೆದ ಡಿಸ್ಕ್ ಕಾಣುವುದುಂಟು. ಬೆಟ್ಟ ಅಗೆದು ಇಲಿ ಹಿಡಿದಂತೆ. ಆದರೆ ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ, ಜೊತೆಗೆ ಜ್ವರವಿದ್ದರೆ ಕಾಯಕೂಡದು.

ಚಿತ್ರಕ್ಕೆ ಸಿಗದ ಬೇನೆಯೂ ಉಂಟು. ಕ್ರಷರಿನ ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕಾಣುತ್ತದೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಸಾಮಾನ್ಯವಾಗಿ ಕಾಣದು. ವಾರದ ರಜೆ ಕಳೆದು ಮಿಲ್ಲಿಗೆ ಹೋದ ಮೊದಲ ದಿನ ಎದೆ ಬಿಗಿಯುವವನಿಗೆ, ‘ಫೋಟೋ ಚೆನ್ನಾಗಿದೆ, ಕೆಲಸಕ್ಕೆ ಹೋಗು’ ಎಂದರೆ ನ್ಯಾಯವಾಗದು. ಊದಿಸಿ ಉಸಿರಿನ ಬಲ ಅಳೆಯುವ ಸ್ಪೈರೊಮೆಟ್ರಿಯನ್ನು ಅವನು ಕೇಳಬೇಕು. ತಾನು ಎಂಥ ಧೂಳಿನಲ್ಲಿ, ಎಷ್ಟು ವರ್ಷ ದುಡಿದೆನೆಂದು ಡಾಕ್ಟರಿಗೆ ಹೇಳಬೇಕು.

ಸಂಕೋಚವಿಲ್ಲದೆ ಕೇಳಿ: ಈ ಚಿತ್ರದಿಂದ ಏನು ತಿಳಿಯಬೇಕಾಗಿದೆ? ತಿಳಿದರೆ ಚಿಕಿತ್ಸೆ ಬದಲಾಗುವುದೇ? ಕಡಿಮೆ ಖರ್ಚಿನ, ವಿಕಿರಣವಿಲ್ಲದ ದಾರಿ ಇದೆಯೇ? ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ವೈದ್ಯರ 2002ರ ನಿಯಮಾವಳಿಯೇ ನಿಷೇಧಿಸಿದೆ. ಹಳೆಯ ಫಿಲಂ, ವರದಿಗಳನ್ನು ಜೋಪಾನವಾಗಿಡಿ. ಎರಡನೆಯ ಸಲದ ಖರ್ಚು ಉಳಿದೀತು. ಇ.ಎಸ್.ಐ. ಕಾರ್ಡ್ ಇದ್ದವರು ಅಲ್ಲಿ, ಉಳಿದವರು ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಆಮೇಲೆ ಹಣ ಕಟ್ಟುವ ಮಾತು. ಓಲೆ ಅಡವಿಡುವ ಮುನ್ನ ಈ ಮೂರು ಪ್ರಶ್ನೆ ಕೇಳಿದರೆ ನಷ್ಟವೇನೂ ಇಲ್ಲ.