ಸಮೂಹ ಸಂವಹನದ ಮೂಲತತ್ತ್ವಗಳೂ ಸಮಾಚಾರೋದ್ಯಮದ ಪರಿವರ್ತನೆಯೂ



ಮನುಷ್ಯರು ಒಂದು ಊರಾಗಿ, ಒಂದು ನಾಡಾಗಿ ಕೂಡಿ ಬಾಳುವುದಕ್ಕೆ ಅನ್ನ, ಅರಿವೆ, ಆಶ್ರಯಗಳು ಎಷ್ಟು ಅವಶ್ಯವೋ, ಒಬ್ಬನ ಅರಿವು ಇನ್ನೊಬ್ಬನಿಗೆ ಮುಟ್ಟುವ ಮಾರ್ಗವೂ ಅಷ್ಟೇ ಅವಶ್ಯ. ಇಬ್ಬರು ಎದುರೆದುರು ಕುಳಿತು ಆಡುವ ಮಾತಿಗೆ ಸಂಭಾಷಣೆಯೆಂದು ಹೆಸರು. ಒಂದೇ ಮೂಲದಿಂದ ಹೊರಟ ಮಾತು, ಪರಸ್ಪರ ಗುರುತು ಪರಿಚಯವಿಲ್ಲದ ಸಹಸ್ರಾರು ಜನರಿಗೆ, ಯಂತ್ರದ ಸಹಾಯದಿಂದ, ಹೆಚ್ಚುಕಡಮೆ ಏಕಕಾಲದಲ್ಲಿ ಮುಟ್ಟಿದರೆ ಅದು ಸಮೂಹ ಸಂವಹನವೆನಿಸುವುದು. ಮೊದಲನೆಯದರಲ್ಲಿ ಕೇಳುವವನು ಒಡನೆಯೇ ಮರುಪ್ರಶ್ನೆ ಹಾಕಬಲ್ಲನು, ಹೇಳುವವನು ತಿದ್ದಿಕೊಳ್ಳಬಲ್ಲನು. ಎರಡನೆಯದರಲ್ಲಿ ಮರುಮಾತು ತಡವಾಗಿ ಬರುವುದು, ಇಲ್ಲವೇ ಬಾರದೆಯೇ ಹೋಗುವುದು. ಆದಕಾರಣ ಹಲವರಿಗೆ ಮಾತನಾಡುವವನ ಹೊಣೆಯು ಒಬ್ಬನಿಗೆ ಮಾತನಾಡುವವನ ಹೊಣೆಗಿಂತ ಬಹುಪಾಲು ಹೆಚ್ಚಿನದು.

ಈ ವಿಷಯವನ್ನು ಶಾಸ್ತ್ರವಾಗಿ ವಿವೇಚಿಸಿದವರಲ್ಲಿ ಅಮೆರಿಕದ ಹೆರಾಲ್ಡ್ ಲಾಸ್ವೆಲ್ ಎಂಬ ವಿದ್ವಾಂಸನು ಪ್ರಮುಖನು. ಯಾವ ಸಂವಹನವನ್ನಾದರೂ ಪರೀಕ್ಷಿಸುವುದಕ್ಕೆ ಐದು ಪ್ರಶ್ನೆಗಳು ಸಾಕೆಂದು ಆತನು 1948ರಲ್ಲಿ ತಿಳಿಸಿದನು. ಹೇಳಿದವರು ಯಾರು? ಹೇಳಿದುದು ಏನು? ಯಾವ ಮಾಧ್ಯಮದಿಂದ? ಯಾರಿಗೆ? ಅದರ ಪರಿಣಾಮವೇನು? ಅದೇ ವರ್ಷ ಕ್ಲಾಡ್ ಶ್ಯಾನನ್ ಎಂಬ ಗಣಿತಜ್ಞನು, ದೂರವಾಣಿಯ ತಂತಿಯಲ್ಲಿ ಸಂದೇಶವು ಸಾಗುವ ಬಗೆಯನ್ನು ವಿಚಾರಿಸುತ್ತ, ಹೊರಟ ಸಂದೇಶಕ್ಕೂ ಮುಟ್ಟಿದ ಸಂದೇಶಕ್ಕೂ ನಡುವೆ ಸೇರಿಕೊಳ್ಳುವ ‘ಗದ್ದಲ’ವನ್ನು ಲೆಕ್ಕಕ್ಕೆ ತಂದನು. ತಂತಿಯ ಗದ್ದಲವು ಕಿವಿಗೆ ಕೇಳಿಸುತ್ತದೆ. ಸಮಾಜದ ಗದ್ದಲವಾದರೋ ಸುದ್ದಿಯ ವೇಷವನ್ನೇ ಧರಿಸಿ ಬರುತ್ತದೆ.

ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. 2021ನೆಯ ಇಸವಿ ಜನವರಿ 21ನೆಯ ತಾರೀಖಿನ ರಾತ್ರಿ ಹತ್ತು ಗಂಟೆ ಮೀರಿದ ಮೇಲೆ ಶಿವಮೊಗ್ಗ, ಭದ್ರಾವತಿಗಳಲ್ಲಿಯೂ ನೆರೆಯ ಜಿಲ್ಲೆಯವರೆಗೂ ಮನೆಗಳ ಕಿಟಕಿ ಬಾಗಿಲುಗಳು ಅದುರಿದುವು. ಜನರು ಭಯಗೊಂಡು ಬೀದಿಗೆ ಬಂದರು. ಭೂಕಂಪವಾಯಿತೆಂಬ ಮಾತು ಕ್ಷಣಮಾತ್ರದಲ್ಲಿ ಕೈಯಿಂದ ಕೈಗೆ ಮೊಬೈಲುಗಳಲ್ಲಿ ಹರಿದಾಡಿತು. ನಡೆದುದು ಭೂಕಂಪವಲ್ಲ, ಶಿವಮೊಗ್ಗದ ಹೊರವಲಯದ ಹುಣಸೋಡಿನ ಕಲ್ಲುಗಣಿಯ ಬಳಿ ಲಾರಿಯಲ್ಲಿದ್ದ ಸಿಡಿಮದ್ದು ಸ್ಫೋಟಿಸಿ ಕೆಲವರು ಪ್ರಾಣ ಕಳೆದುಕೊಂಡಿದ್ದರು. ಸತ್ತವರ ಸಂಖ್ಯೆಯನ್ನು ಕುರಿತು ಮೊದಲ ಗಳಿಗೆಗಳಲ್ಲಿ ಹೊರಟ ಲೆಕ್ಕಗಳೂ ಒಂದಕ್ಕೊಂದು ಹೊಂದಲಿಲ್ಲ.

ಲಾಸ್ವೆಲ್ಲನ ಪ್ರಶ್ನೆಗಳನ್ನು ಆ ರಾತ್ರಿಗೆ ಹಚ್ಚಿ ನೋಡಬೇಕು. ಭೂಕಂಪವೆಂದು ಹೇಳಿದವರು ಯಾರು? ಎಲ್ಲರೂ, ಆದುದರಿಂದ ಯಾರೂ ಅಲ್ಲ. ಮಾಧ್ಯಮವಾವುದು? ಪ್ರತಿಯೊಬ್ಬನ ಅಂಗೈಯಲ್ಲಿನ ಯಂತ್ರ. ಯಾರಿಗೆ? ಆಗಲೇ ಹೆದರಿದ್ದ ಜನಕ್ಕೆ. ಪರಿಣಾಮವೇನು? ಭಯದ ಮೇಲೆ ಭಯ. ಹೇಳಿದವರಲ್ಲಿ ಸುಳ್ಳು ಹೇಳಬೇಕೆಂಬ ದುರುದ್ದೇಶವಿರಲಿಲ್ಲ. ಅದುರಿದುದು ನಿಜ; ಅದುರಿದುದಕ್ಕೆ ಕಾರಣವೆಂದು ಹೇಳಿದುದು ಮಾತ್ರ ಊಹೆ. ಕಂಡುದಕ್ಕೂ ಊಹಿಸಿದುದಕ್ಕೂ ನಡುವಣ ಗೆರೆಯನ್ನು ಕಾಯುವುದೇ ಸಮಾಚಾರವೃತ್ತಿಯ ಮೊದಲನೆಯ ಧರ್ಮ. ಆ ಕಾವಲು ಇಲ್ಲದೆಡೆಯಲ್ಲಿ ಸಜ್ಜನರ ಬಾಯಿಂದಲೂ ಅಸತ್ಯವು ಹರಡುತ್ತದೆಂಬುದು ಆ ರಾತ್ರಿಯ ಪಾಠ.

ಈ ಕಾವಲಿಗೆ ಶಾಸ್ತ್ರದಲ್ಲಿ ದ್ವಾರಪಾಲನೆಯೆಂದು ಹೆಸರಿಡಬಹುದು. ಸಂಪಾದಕನ ಮೇಜಿಗೆ ನಿತ್ಯವೂ ನೂರು ಸುದ್ದಿಗಳು ಬಂದರೆ ಅಚ್ಚಾಗುವುವು ಕೆಲವೇ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕೆಂಬುದನ್ನು ಆತನು ನಿಶ್ಚಯಿಸುವನು. ಡೇವಿಡ್ ಮ್ಯಾನಿಂಗ್ ವೈಟ್ ಎಂಬಾತನು 1950ರಲ್ಲಿ ಇಂಥ ಒಬ್ಬ ಸಂಪಾದಕನ ಆಯ್ಕೆಗಳನ್ನೇ ಪರೀಕ್ಷಿಸಿ, ಆ ಆಯ್ಕೆಯಲ್ಲಿ ವಿವೇಕದೊಡನೆ ಸ್ವಂತ ಇಷ್ಟಾನಿಷ್ಟಗಳೂ ಬೆರೆತಿರುವುದನ್ನು ತೋರಿಸಿದನು. ಎಂದರೆ ದ್ವಾರಪಾಲಕನು ಇದ್ದರೂ ಕಷ್ಟವುಂಟು, ಇಲ್ಲದಿದ್ದರೂ ಕಷ್ಟವುಂಟು. ಇದ್ದಾಗ ಆತನ ಪಕ್ಷಪಾತವನ್ನು ಕಂಡುಹಿಡಿದು ಪ್ರಶ್ನಿಸಬಹುದು. ಇಲ್ಲದಾಗ ಪ್ರಶ್ನಿಸುವುದಕ್ಕೆ ಯಾರೂ ದೊರೆಯರು.

ಇನ್ನೊಂದು ತತ್ತ್ವವೂ ಸ್ಮರಣೀಯವಾದುದು. ಪತ್ರಿಕೆಯೂ ಬಾನುಲಿಯೂ ಜನರ ಮನಸ್ಸನ್ನು ನೇರವಾಗಿ ತಿರುಗಿಸುತ್ತವೆಂದು ಮೊದಲು ಭಾವಿಸಲಾಗಿತ್ತು. 1940ರ ಅಮೆರಿಕದ ಚುನಾವಣೆಯನ್ನು ಅಭ್ಯಸಿಸಿದ ಪಾಲ್ ಲಾಜರ್ಸ್‌ಫೆಲ್ಡ್ ಮೊದಲಾದವರು, ಸುದ್ದಿಯು ಮೊದಲು ಓದುವ ಹವ್ಯಾಸವುಳ್ಳ ಕೆಲವರಿಗೆ ಮುಟ್ಟಿ, ಅವರ ಮಾತಿನ ಮೂಲಕ ಉಳಿದವರಿಗೆ ಇಳಿಯುತ್ತದೆಂದು ಕಂಡುಕೊಂಡರು. ಮಲೆನಾಡಿನವರಿಗೆ ಇದು ಹೊಸ ಸಂಗತಿಯಲ್ಲ. ಅಡಿಕೆ ಮಂಡಿಯ ಕಟ್ಟೆಯ ಮೇಲೆ, ಹೋಟೆಲಿನ ಬೆಂಚಿನ ಮೇಲೆ ಒಬ್ಬನು ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹತ್ತು ಜನರು ಕೇಳಿ ಚರ್ಚಿಸಿದ ಪದ್ಧತಿಯೇ ಈ ಸಿದ್ಧಾಂತದ ಜೀವಂತ ಭಾಷ್ಯ. ಮುಂದೆ 1972ರಲ್ಲಿ ಮೆಕೂಂಬ್ಸ್ ಮತ್ತು ಶಾ ಎಂಬಿಬ್ಬರು, ಮಾಧ್ಯಮಗಳು ಜನರಿಗೆ ಹೀಗೆಯೇ ಯೋಚಿಸಿರೆಂದು ಕಲಿಸುವುದಕ್ಕಿಂತ ಇದನ್ನು ಕುರಿತು ಯೋಚಿಸಿರೆಂದು ಸೂಚಿಸುವುದರಲ್ಲಿ ಸಮರ್ಥವಾಗಿವೆಯೆಂದು ತೋರಿಸಿದರು. ಯಾವ ಸುದ್ದಿಗೆ ಮುಖಪುಟವು ದೊರೆಯಿತೋ ಅದೇ ಊರಿನ ಮಾತಾಗುವುದು. ದೊರೆಯದ ಕಷ್ಟವು ಮೂಕವಾಗಿಯೇ ಉಳಿಯುವುದು.

ಕನ್ನಡದಲ್ಲಿ ಈ ಕಾರ್ಯವು ಬೆಳೆದ ಬಗೆಯನ್ನು ಈಗ ನೋಡಬೇಕು. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಮಂಗಳೂರಿನಿಂದ ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಓಲೆಗರಿಯ ಕಟ್ಟುಗಳಲ್ಲಿ, ಬೆರಳೆಣಿಕೆಯ ಮನೆಗಳಲ್ಲಿ ಉಳಿದಿದ್ದ ವಚನ ಸಾಹಿತ್ಯವನ್ನು ಜನಸಾಮಾನ್ಯರ ಕೈಗೆ ಮುಟ್ಟಿಸಬೇಕೆಂದು ಫ. ಗು. ಹಳಕಟ್ಟಿಯವರು ತಮ್ಮ ಮನೆಯನ್ನು ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಪ್ರಾರಂಭಿಸಿದರು. ಮಾತು ಹುಟ್ಟಿದ ಮಾತ್ರಕ್ಕೆ ಮುಟ್ಟುವುದಿಲ್ಲ. ಅದನ್ನು ಮುಟ್ಟಿಸುವುದಕ್ಕೆ ಅಚ್ಚುಮೊಳೆ, ಕಾಗದ, ಅಂಚೆ, ಚಂದಾದಾರ ಇವೆಲ್ಲ ಕೂಡಬೇಕೆಂಬುದಕ್ಕೆ ಇದಕ್ಕಿಂತ ಉಜ್ಜ್ವಲವಾದ ಸಾಕ್ಷಿಯಿಲ್ಲ.

ಕಾಗದವೆಂದೊಡನೆ ಭದ್ರಾವತಿಯ ಹೆಸರು ನಾಲಗೆಗೆ ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯು ಭದ್ರಾ ನದಿಯ ತೀರದಲ್ಲಿ ಸ್ಥಾಪಿತವಾಯಿತು. ನೀರು ನದಿಯಿಂದಲೂ ಬಿದಿರು ಮಲೆನಾಡಿನ ಕಾಡಿನಿಂದಲೂ ದೊರೆಯುತ್ತಿತ್ತು. 1977ರಲ್ಲಿ ಅದು ಸರಕಾರಿ ಕಂಪೆನಿಯಾಯಿತು. 1980ರ ದಶಕದಲ್ಲಿ ವರ್ಷಕ್ಕೆ 75,000 ಟನ್ ವೃತ್ತಪತ್ರಿಕಾ ಕಾಗದವನ್ನು ತಯಾರಿಸಬಲ್ಲ ಯಂತ್ರವು ಅಲ್ಲಿ ನಡೆಯತೊಡಗಿತು. ಅದರ ಸುತ್ತ ಕಾಗದನಗರವೆಂಬ ಊರೇ ಬೆಳೆಯಿತು. ಅದಕ್ಕಾಗಿ ಮಲೆನಾಡಿನ ಗುಡ್ಡಗಳಲ್ಲಿ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಹಬ್ಬಿ, ಸ್ವಾಭಾವಿಕ ಕಾಡಿಗೆ ಹಾನಿಯಾಯಿತೆಂಬ ಆಕ್ಷೇಪಣೆಯೂ ಎದ್ದಿತು. ಓದುಗನ ಕೈಯಲ್ಲಿನ ಹಾಳೆಗೆ ಕಾಡೂ ಬೆಲೆ ತೆತ್ತಿದೆಯೆಂಬುದನ್ನು ಮರೆಯತಕ್ಕದ್ದಲ್ಲ.

ಕಾಗದವು ಕೇವಲ ವ್ಯಾಪಾರದ ಸರಕೇ? ಭಾರತದಲ್ಲಿ ಪತ್ರಿಕಾ ಕಾಗದದ ಹಂಚಿಕೆಯನ್ನು ಬಿಗಿಮಾಡಿ ಪುಟಗಳಿಗೆ ಮಿತಿ ಕಟ್ಟಿದ ಸರಕಾರದ ನೀತಿಯನ್ನು 1972ರಲ್ಲಿ ಸುಪ್ರೀಂ ಕೋರ್ಟು ಅಸಿಂಧುಗೊಳಿಸಿತು. ಪುಟವನ್ನು ಕಡಮೆಮಾಡುವುದೆಂದರೆ ಮಾತನ್ನು ಕಡಮೆಮಾಡುವುದೆಂಬ ತತ್ತ್ವವು ಅಲ್ಲಿ ಮನ್ನಣೆ ಪಡೆಯಿತು. ಆ ದೃಷ್ಟಿಯಿಂದ ನೋಡಿದರೆ ಭದ್ರಾವತಿಯ ಕಾರ್ಮಿಕನೂ ವಾಕ್‌ಸ್ವಾತಂತ್ರ್ಯದ ಒಬ್ಬ ಸೇವಕನಾಗಿದ್ದನು. ಹಳತಾದ ಯಂತ್ರಗಳು, ಏರಿದ ವೆಚ್ಚ, ಹೊರದೇಶದ ಕಾಗದದ ಪೈಪೋಟಿ, ಸಾಲದ ಹೊರೆ ಇವುಗಳಿಂದ ಕುಗ್ಗಿ 2015ರಲ್ಲಿ ಕಾರ್ಖಾನೆಯ ಉತ್ಪಾದನೆಯು ನಿಂತಿತು. ಸಂಬಳವನ್ನು ನಂಬಿದ್ದ ಕುಟುಂಬಗಳ ಪಾಲಿಗೆ ‘ಮಾಧ್ಯಮೋದ್ಯಮದ ಪರಿವರ್ತನೆ’ ಎಂಬುದು ಪುಸ್ತಕದ ಮಾತಲ್ಲ. ಅದು ಒಲೆಯ ಮಾತು.

ಅದೇ ಭದ್ರಾವತಿಯಲ್ಲಿ ಕಾಗದದ ಹಂಗಿಲ್ಲದ ಇನ್ನೊಂದು ಮಾಧ್ಯಮವೂ ನೆಲೆಗೊಂಡಿತು. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತ ಸಾಹಸದಿಂದ ‘ಆಕಾಶವಾಣಿ’ಯನ್ನು ನಡೆಸಿ ಆ ಹೆಸರನ್ನು ನಾಡಿಗೆ ಪರಿಚಯಿಸಿದ್ದರು. 1965ರಲ್ಲಿ ಭದ್ರಾವತಿಯ ಆಕಾಶವಾಣಿ ಕೇಂದ್ರವು ಪ್ರಾರಂಭವಾಯಿತು. ಅಕ್ಷರ ಬಾರದವನಿಗೂ, ಅಂಚೆ ತಡವಾಗಿ ಮುಟ್ಟುವ ಕಾಡಿನ ಒಂಟಿಮನೆಗೂ ಹವಾಮಾನ, ಬೇಸಾಯದ ತಿಳಿವಳಿಕೆ, ಸುಗಮ ಸಂಗೀತ, ನಾಟಕ ಇವು ಬಾನುಲಿಯಿಂದ ದೊರೆತುವು. ಪತ್ರಿಕೆಯು ಕಣ್ಣನ್ನು ಕೇಳುತ್ತದೆ. ಬಾನುಲಿಯು ಕಿವಿಯೊಂದನ್ನೇ ಕೇಳಿ ಕೈಗಳನ್ನು ಕೆಲಸಕ್ಕೆ ಬಿಡುತ್ತದೆ. ಮಾಧ್ಯಮದ ಸ್ವಭಾವವೇ ಸಂದೇಶದ ಸ್ವಭಾವವನ್ನು ತಿದ್ದುವುದೆಂದು ಮಾರ್ಷಲ್ ಮೆಕ್ಲೂಹನ್ 1964ರಲ್ಲಿ ಪ್ರತಿಪಾದಿಸಿದುದರ ತಾತ್ಪರ್ಯವಿದು.

ಇನ್ನು ಉದ್ಯಮದ ಒಳಗುಟ್ಟು. ಉಳಿದ ವರ್ತಕನು ತನ್ನ ಸರಕನ್ನು ಒಮ್ಮೆ ಮಾರಿದರೆ ಪತ್ರಿಕೆಯು ಎರಡು ಸಲ ಮಾರುತ್ತದೆ. ಓದುಗನಿಗೆ ಸುದ್ದಿಯನ್ನು ಮಾರುವುದು; ಜಾಹೀರಾತುದಾರನಿಗೆ ಓದುಗನ ಗಮನವನ್ನು ಮಾರುವುದು. ದಿನಪತ್ರಿಕೆಯು ತನ್ನ ತಯಾರಿಕೆಯ ವೆಚ್ಚಕ್ಕಿಂತಲೂ ಕಡಮೆ ಬೆಲೆಗೆ ದೊರೆಯುವುದರ ರಹಸ್ಯವು ಇದೇ. ಶಿವಮೊಗ್ಗದ ಸಮೀಪದ ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶರು 1980ರಲ್ಲಿ ತಮ್ಮ ವಾರಪತ್ರಿಕೆಯನ್ನು ಪ್ರಾರಂಭಿಸಿದಾಗ ಜಾಹೀರಾತನ್ನು ಸ್ವೀಕರಿಸದೆ, ಓದುಗನ ಕಾಸನ್ನೇ ನಂಬಿ ನಡೆಸಿದರು. ಅಂಥ ಧೈರ್ಯವು ಅಪರೂಪವಾದುದು. ಉದ್ಯಮವಾದರೋ ಬಹುಮಟ್ಟಿಗೆ ಜಾಹೀರಾತಿನ ಆಸರೆಯಲ್ಲಿಯೇ ಬೆಳೆಯಿತು. ‘ನಾವಿಕ’, ‘ಕ್ರಾಂತಿದೀಪ’ ಮೊದಲಾಗಿ ಶಿವಮೊಗ್ಗದಿಂದಲೇ ಹೊರಟ ದಿನಪತ್ರಿಕೆಗಳು ರಾಜಧಾನಿಯ ಪತ್ರಿಕೆಗಳಿಗೆ ಕಾಣದ ಓಣಿಯ ಚರಂಡಿಯನ್ನೂ ತಾಲ್ಲೂಕು ಕಚೇರಿಯ ವಿಳಂಬವನ್ನೂ ಸುದ್ದಿಯಾಗಿಸಿದುವು.

ಆಮೇಲೆ ಬದಲಾವಣೆಗಳು ಒಂದರ ಬೆನ್ನಿಗೊಂದು ಬಂದುವು. 1994ರಲ್ಲಿ ಉದಯ ಟಿ.ವಿ.ಯಿಂದ ಕನ್ನಡಕ್ಕೆ ಖಾಸಗಿ ಉಪಗ್ರಹ ವಾಹಿನಿಯು ದೊರೆಯಿತು. 2016ರ ತರುವಾಯ ಅಗ್ಗದ ಇಂಟರ್‌ನೆಟ್ಟು ಹಳ್ಳಿಹಳ್ಳಿಗೂ ಹಬ್ಬಿತು. ಪತ್ರಿಕೆಯು ಮಾರುತ್ತಿದ್ದ ಓದುಗನ ಗಮನವನ್ನು ಈಗ ಗೂಗಲ್, ಫೇಸ್‌ಬುಕ್‌ನಂಥ ಹೊರದೇಶದ ಸಂಸ್ಥೆಗಳು ಮಾರತೊಡಗಿದುವು. ಸುದ್ದಿಯನ್ನು ಸಂಗ್ರಹಿಸುವ ವೆಚ್ಚವು ಊರಿನ ಪತ್ರಿಕೆಗೆ, ಜಾಹೀರಾತಿನ ಆದಾಯದ ದೊಡ್ಡ ಪಾಲು ದೂರದ ಸಂಸ್ಥೆಗೆ ಎಂಬಂತಾಯಿತು. ವದಂತಿಗಳ ಹಾವಳಿಯನ್ನು ಕಂಡು 2018ರಲ್ಲಿ ವಾಟ್ಸ್ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹಾಕಿತು. ದ್ವಾರಪಾಲಕನಿಲ್ಲದ ಮನೆಗೆ ಬಾಗಿಲನ್ನಾದರೂ ಕಿರಿದುಮಾಡಿದಂತೆ ಅದು.

ಹಾಗಾದರೆ ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದೆಂದು ಹೇಳಬಹುದೇ? ಹೇಳಲಾಗದು. ಹಿಂದೆ ಸಂಪಾದಕನ ಬಾಗಿಲನ್ನು ದಾಟಲಾರದೆ ಉಳಿದ ಎಷ್ಟೋ ಬಡವರ ದನಿಗಳು ಇಂದು ಅಂಗೈಯ ಯಂತ್ರದಿಂದ ಲೋಕಕ್ಕೆ ಕೇಳಿಸುತ್ತಿವೆ. ಕೇಳುವವನು ಹೇಳುವವನೂ ಆಗಿದ್ದಾನೆ. ಸಮೂಹ ಸಂವಹನಕ್ಕೆ ಇಲ್ಲದಿದ್ದ ಮರುಮಾತು ಈಗ ದೊರೆತಿದೆ. ಆದರೆ ಅಧಿಕಾರವು ಹಂಚಿಹೋದಾಗ ಹೊಣೆಯೂ ಹಂಚಿಹೋಗಬೇಕು. ಹಿಂದೆ ಒಬ್ಬ ಸಂಪಾದಕನು ಕಲಿತಿದ್ದರೆ ಸಾಕಾಗಿದ್ದ ವಿದ್ಯೆಯನ್ನು ಇಂದು ಪ್ರತಿಯೊಬ್ಬ ಪ್ರಜೆಯೂ ಕಲಿಯಬೇಕಾಗಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ, 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಪತ್ರಿಕೋದ್ಯಮವನ್ನು ಬೋಧಿಸುತ್ತಿದೆ. ಆ ಬೋಧನೆಯ ಮೊದಲಕ್ಷರಗಳಾದರೂ ಪ್ರೌಢಶಾಲೆಗೂ ಮಠದ ವಿದ್ಯಾರ್ಥಿನಿಲಯಕ್ಕೂ ಇಳಿದುಬರುವುದು ಯುಕ್ತ.

ಆ ಮೊದಲಕ್ಷರಗಳು ಕಠಿಣವಾದುವಲ್ಲ. ಬಂದ ಸುದ್ದಿಯನ್ನು ಮುಂದಕ್ಕೆ ದಾಟಿಸುವ ಮುನ್ನ, ಇದನ್ನು ಮೊದಲು ಹೇಳಿದವರು ಯಾರೆಂದು ಕೇಳುವುದು, ಕಂಡುದನ್ನು ಕಂಡುದೆಂದೂ ಕೇಳಿದುದನ್ನು ಕೇಳಿದುದೆಂದೂ ಬೇರ್ಪಡಿಸಿ ಹೇಳುವುದು, ಇದರಿಂದ ಯಾರಿಗೆ ಲಾಭ, ಯಾರಿಗೆ ಕೇಡೆಂದು ಯೋಚಿಸುವುದು, ತಿಳಿಯದಿದ್ದಲ್ಲಿ ಸುಮ್ಮನಿರುವುದು. ಇವುಗಳ ಜೊತೆಗೆ ಐದನೆಯದೊಂದುಂಟು. ಊರಿನ ಸತ್ಯವನ್ನು ಅರಸಿ ಬರೆಯುವವನಿಗೆ ಊರೇ ಅನ್ನವಿಕ್ಕಬೇಕು. ಬಿಟ್ಟಿಯಾಗಿ ಬಂದ ಸುದ್ದಿಗೆ ಬೇರೆ ಯಾರೋ ಬೆಲೆ ಕೊಟ್ಟಿರುತ್ತಾರೆ. ಅವರ ಇಷ್ಟವೇ ಅದರೊಳಗೆ ಅಡಗಿರುತ್ತದೆ. ಚಂದಾ ಕೊಟ್ಟು ಪತ್ರಿಕೆಯನ್ನು ತರಿಸುವ ಮನೆಯು ತನ್ನ ಊರಿನ ಕಣ್ಣಿಗೆ ಎಣ್ಣೆಯೆರೆದಂತೆ.

ಕಾಗದದ ಯಂತ್ರವು ನಿಲ್ಲಬಹುದು, ಬಾನುಲಿಯ ಅಲೆಗಳು ಬದಲಾಗಬಹುದು, ಇಂದಿನ ಅಂಗೈಯ ಯಂತ್ರವೂ ನಾಳೆ ಹಳತಾಗಬಹುದು. ಯಾವ ಯಂತ್ರವು ಬಂದರೂ ಅದರ ತುದಿಯಲ್ಲಿ ನುಡಿಯುವವನೊಬ್ಬನು, ನಂಬುವವನೊಬ್ಬನು ಇದ್ದೇ ಇರುವರು. ನುಡಿಯುವವನಲ್ಲಿ ಸತ್ಯದ ಭಯವೂ ನಂಬುವವನಲ್ಲಿ ವಿವೇಕದ ಬೆಳಕೂ ನೆಲಸಿದರೆ ಈ ಉಭಯ ನಗರಗಳ ಜನಜೀವನವು ಗದ್ದಲವನ್ನು ಗೆದ್ದು ನಿಲ್ಲುವುದರಲ್ಲಿ ಸಂದೇಹವಿಲ್ಲ. ಎಲ್ಲರಿಗೂ ಮಂಗಳವಾಗಲಿ.