ಹಸಿ ತಂಬಾಕಿನ ಬ್ಯಾನಿ

(ನಿಪ್ಪಾಣಿ ಭಾಗದ ಒಂದು ಕಲಿಕಾ ಕೇಂದ್ರದಲ್ಲಿ ನವಸಾಕ್ಷರ ಮಹಿಳೆಯರಿಗೆ ಮಾಡಿದ ಭಾಷಣ)



ಹೊಲದ ಕೆಲಸ, ಮನೆ ಕೆಲಸ ಮುಗಿಸಿ ದಣಿದು ಬಂದು ಕುಳಿತಿದ್ದೀರಿ. ಬಹಳ ಹೊತ್ತು ತೊಗೊಳ್ಳೂದಿಲ್ಲ. ಇವತ್ತು ನಾವು ಒಂದು ಕಾಯಿಲೆಯ ಬಗ್ಗೆ ಮಾತಾಡ್ತೀವಿ. ಇದರ ಹೆಸರು ನೀವು ಕೇಳಿರಲಿಕ್ಕಿಲ್ಲ. ಆದರೆ ಇದು ನಿಮ್ಮಲ್ಲಿ ಕೆಲವರಿಗೆ ಬಂದು ಹೋಗಿರಬಹುದು.

ಮೊದಲು ಒಬ್ಬ ಅಕ್ಕನ ಕತೆ ಕೇಳ್ರಿ. ಆಕೆ ನಮ್ಮ ವರ್ಗಕ್ಕೆ ಬರುತ್ತಿದ್ದಳು. ಹೆಸರು ಬೇಡ. ಮದುವೆಯಾಗಿ 6 ವರ್ಷ ಆಗಿತ್ತು. ಮಕ್ಕಳಿರಲಿಲ್ಲ.

ದೀಪಾವಳಿ ಮುಗಿದಿತ್ತು. ತಂಬಾಕಿನ ಕುಡಿ ಚಿವುಟುವ ಕೆಲಸ ನಡೆದಿತ್ತು. ಮುಂಜಾನೆ ಬೇಗ ಹೋಗಬೇಕು. ಎಲೆ ಮೇಲೆ ಇಬ್ಬನಿ ತುಂಬಿರುತ್ತದೆ. ಗಿಡ ಎದೆ ಮಟ್ಟ. ಸೀರೆ, ಕುಪ್ಪಸ ಎಲ್ಲಾ ತೊಯ್ದು ಮೈಗೆ ಅಂಟುತ್ತವೆ. ಕೈಗೆ ಕಪ್ಪು ಅಂಟು ಹತ್ತುತ್ತದೆ. ಆ ಅಕ್ಕ ಹಾಗೇ ಸಂಜೆ ತನಕ ದುಡಿದಳು. ರಾತ್ರಿ ತಲೆ ಗರಗರ ತಿರುಗಿತು. ಮೈ ಬೆವರಿತು. ನಾಲ್ಕು ಸಲ ವಾಂತಿ ಆಯಿತು.

ಮನೆಯವರು ಏನು ತಿಳಿದರು? ಅತ್ತಿಗೆ ಸಂತೋಷ ಆಯಿತು. "ಸೊಸಿಗೆ ವಾಂತಿ ಸುರು ಆಗೇತಿ" ಅಂತ ಓಣಿಯಲ್ಲಿ ಸಕ್ಕರೆ ಹಂಚಿದಳು. ಆ ಅಕ್ಕನೂ ಆಸೆ ಇಟ್ಟುಕೊಂಡಳು. ಎರಡು ದಿನಕ್ಕೆ ವಾಂತಿ ನಿಂತಿತು. ಎಂಟು ದಿನಕ್ಕೆ ಮುಟ್ಟು ಬಂತು. ಆಮೇಲೆ ಮನೆಯಲ್ಲಿ ಏನೇನು ಮಾತು ಬಂದವು ಅಂತ ನಾವು ಹೇಳಬೇಕಿಲ್ಲ. ನಿಮಗೆ ಗೊತ್ತು.

ಮತ್ತೆ ಕೆಲಸಕ್ಕೆ ಹೋದಳು. ಮತ್ತೆ ವಾಂತಿ. ಈ ಸಲ "ಯಾರದೋ ದೃಷ್ಟಿ ಆಗೇತಿ" ಅಂದರು. ನಿಂಬೆಹಣ್ಣು ನಿವಾಳಿಸಿದರು. ಒಂದು ದವಾಖಾನೆಗೆ ಹೋದರು. "ಪಿತ್ತ ಆಗೇತಿ" ಅಂತ ಸೂಜಿ ಮಾಡಿ, ಸಲಾಯಿನ್ ಹಚ್ಚಿ ಕಳಿಸಿದರು. ವಾರದ ಕೂಲಿ ಅದಕ್ಕೇ ಹೋಯಿತು. ಅಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ. ಆಕೆಯೂ ಹೇಳಲಿಲ್ಲ. ಯಾವ ಮಾತು? "ನೀನು ಏನು ಕೆಲಸ ಮಾಡತಿ?" ಅನ್ನುವ ಮಾತು.

ಆಗ ನಮ್ಮ ವರ್ಗದಲ್ಲಿ ದಿನಚರಿ ಬರೆಯುವ ಪಾಠ ನಡೆದಿತ್ತು. ದಿನಕ್ಕೆ ಒಂದೇ ಸಾಲು ಬರೆಯಿರಿ ಅಂದಿದ್ದೆವು. ಆ ಅಕ್ಕನ ವಹಿಯಲ್ಲಿ ಹೀಗೆ ಬರೆದಿತ್ತು:

ಸೋಮವಾರ. ತಂಬಾಕು ಕುಡಿ. ರಾತ್ರಿ ವಾಂತಿ.
ಮಂಗಳವಾರ. ಮನಿ. ತಲಿ ಸುತ್ತು.
ಬುಧವಾರ. ಮನಿ. ಆರಾಮ.
ಗುರುವಾರ. ಕಬ್ಬಿನ ಹೊಲ. ಕಸ ತೆಗದೆ. ಆರಾಮ.
ಶುಕ್ರವಾರ. ಕಬ್ಬಿನ ಹೊಲ. ಆರಾಮ.
ಶನಿವಾರ. ತಂಬಾಕು ಕುಡಿ. ಇಬ್ಬನಿ ಬಾಳ. ರಾತ್ರಿ ವಾಂತಿ.

ಅಕ್ಷರ ಸೊಟ್ಟ ಇದ್ದವು. ಆದರೆ ವಿಷಯ ನೇರ ಇತ್ತು. ನಾವು ಅದನ್ನು ವರ್ಗದಲ್ಲಿ ಓದಿಸಿದೆವು. ಓದುತ್ತಾ ಓದುತ್ತಾ ಆಕೆಯೇ ನಿಂತಳು. "ಟೀಚರ್, ಕಬ್ಬಿನ ಹೊಲಕ್ಕ ಹೋದ್ರ ಆರಾಮ ಇರ್ತೇನಿ. ತಂಬಾಕಕ್ಕ ಹೋದ್ರಷ್ಟೇ ವಾಂತಿ ಆಗತೈತಿ" ಅಂದಳು. ಹಿಂದೆ ಕುಳಿತ ಇಬ್ಬರು "ನಮಗೂ ಹಂಗ ಆಗತೈತ್ರಿ" ಅಂದರು.

ಮರುದಿನ ಆ ವಹಿ ತೊಗೊಂಡು ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋದೆವು. ಡಾಕ್ಟರು ಆ ಸಾಲುಗಳನ್ನು ಎರಡು ಸಲ ಓದಿದರು. ಆಮೇಲೆ ಹೇಳಿದರು: "ಇದು ಬಸಿರಲ್ಲ, ಪಿತ್ತ ಅಲ್ಲ, ದೃಷ್ಟಿಯೂ ಅಲ್ಲ. ಹಸಿ ತಂಬಾಕಿನ ವಿಷ ಚರ್ಮದಿಂದ ಒಳಗೆ ಹೋಗಿದೆ."

ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ಗ್ರೀನ್ ಟೊಬ್ಯಾಕೊ ಸಿಕ್‌ನೆಸ್ ಅನ್ನುತ್ತಾರೆ. ನಾವು ಹಸಿ ತಂಬಾಕಿನ ಬ್ಯಾನಿ ಅನ್ನೋಣ.

ಇದು ಹೇಗೆ ಬರುತ್ತದೆ? ತಂಬಾಕಿನ ಎಲೆಯಲ್ಲಿ ನಿಕೋಟಿನ್ ಅನ್ನುವ ವಿಷ ಇದೆ. ಅದು ನೀರಿನಲ್ಲಿ ಕರಗುತ್ತದೆ. ಇಬ್ಬನಿ, ಮಳೆ ನೀರು, ನಮ್ಮ ಬೆವರು, ಇವುಗಳಲ್ಲಿ ಕರಗಿ ಚರ್ಮಕ್ಕೆ ಹತ್ತುತ್ತದೆ. ಚರ್ಮದಿಂದ ರಕ್ತಕ್ಕೆ ಹೋಗುತ್ತದೆ. ತಂಬಾಕು ತಿನ್ನಬೇಕಾಗಿಲ್ಲ, ಬೀಡಿ ಸೇದಬೇಕಾಗಿಲ್ಲ. ತೊಯ್ದ ಎಲೆ ಮುಟ್ಟಿದರೆ ಸಾಕು. ತೊಯ್ದ ಸೀರೆ ಮೈಮೇಲೆ ಇದ್ದರೆ ಇನ್ನೂ ಹೆಚ್ಚು. ಕೈಯಲ್ಲಿ ಗಾಯ, ತರಚು ಇದ್ದರೆ ಇನ್ನೂ ಬೇಗ.

ಇದು ನಮ್ಮ ಭಾಗಕ್ಕೆ ಮಾತ್ರ ಬಂದದ್ದಲ್ಲ. ಅಮೆರಿಕ ದೇಶದ ಫ್ಲಾರಿಡಾದಲ್ಲಿ ತಂಬಾಕಿನ ಕೂಲಿಕಾರರಿಗೆ ಹೀಗೇ ಆಗುತ್ತಿತ್ತು. 1970ರಲ್ಲಿ ಅಲ್ಲಿಯ ಡಾಕ್ಟರುಗಳು ಅದನ್ನು ಬರೆದು ತಿಳಿಸಿದರು. ನಮ್ಮ ದೇಶದಲ್ಲಿ ಗುಜರಾತಿನ ತಂಬಾಕಿನ ಹೊಲಗಳಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇದನ್ನು ಪರೀಕ್ಷೆ ಮಾಡಿದರು. ಅದು 1980ರ ದಶಕದ ಮಾತು. ಕೈಗವಸು, ಬೂಟು ಹಾಕಿ ದುಡಿದವರಿಗೆ ತೊಂದರೆ ಕಡಿಮೆ ಆಯಿತು ಅಂತ ಕಂಡುಕೊಂಡರು.

ಬಹಳ ಡಾಕ್ಟರುಗಳು ಇದನ್ನು ನೋಡಿರುವುದಿಲ್ಲ. ಬೆಂಗಳೂರಿನಲ್ಲಿ ತಂಬಾಕಿನ ಹೊಲ ಎಲ್ಲಿದೆ? ಅದಕ್ಕೇ ಇದು ಅಪರೂಪದ ಕಾಯಿಲೆ ಅನಿಸುತ್ತದೆ. ತಂಬಾಕು ಬೆಳೆಯುವ ಊರಿನಲ್ಲಿ ಇದು ಅಪರೂಪ ಅಲ್ಲ. ಗುರುತು ಹಿಡಿಯುವವರು ಅಪರೂಪ.

ಹಾಗಾದರೆ ಗುರುತು ಹಿಡಿಯುವುದು ಹೇಗೆ?

ಹಸಿ ಅಥವಾ ತೊಯ್ದ ತಂಬಾಕು ಮುಟ್ಟಿದ ದಿನವೇ, ಕೆಲವು ತಾಸಿನಲ್ಲಿ, ಇಲ್ಲವೆ ರಾತ್ರಿ ಸುರುವಾಗುತ್ತದೆ. ತಲೆ ತಿರುಗುತ್ತದೆ, ತಲೆ ನೋಯುತ್ತದೆ. ಹೊಟ್ಟೆ ತೊಳಸಿ ವಾಂತಿ ಆಗುತ್ತದೆ. ಹೊಟ್ಟೆ ಹಿಡಿದುಕೊಳ್ಳುತ್ತದೆ. ಮುಖ ಬಿಳಿಚುತ್ತದೆ. ಬೆವರು ಬರುತ್ತದೆ. ಕೈಕಾಲು ಸೋಲುತ್ತವೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ, ಹೆಚ್ಚೆಂದರೆ ಮೂರು ದಿನದಲ್ಲಿ ಕಡಿಮೆ ಆಗುತ್ತದೆ. ಮತ್ತೆ ತಂಬಾಕು ಮುಟ್ಟಿದರೆ ಮತ್ತೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ವಾಂತಿ ಆಯಿತು ಅಂದ ಕೂಡಲೇ "ಇದು ತಂಬಾಕಿನದೇ" ಅಂತ ಸುಮ್ಮನೆ ಕೂರಬಾರದು. ಕೀಟನಾಶಕ ಹೊಡೆದ ಹೊಲದಲ್ಲಿ ದುಡಿದರೂ ವಾಂತಿ, ತಲೆಸುತ್ತು ಬರುತ್ತವೆ. ಅದು ಜೀವಕ್ಕೆ ಅಪಾಯ. ಬಾಯಲ್ಲಿ ಜೊಲ್ಲು ಸುರಿಯುವುದು, ಕಣ್ಣೀರು ಹರಿಯುವುದು, ಕಣ್ಣು ಮಬ್ಬಾಗುವುದು, ಕಣ್ಣಿನ ಕರಿಗುಡ್ಡೆ ಸಣ್ಣ ಚುಕ್ಕೆಯಾಗುವುದು, ಮೈಯ ಮಾಂಸ ಅದರುವುದು, ಉಸಿರು ಕಟ್ಟುವುದು, ಇವು ಕಂಡರೆ ಒಂದು ನಿಮಿಷವೂ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ ದೊಡ್ಡ ದವಾಖಾನೆಗೆ ಹೋಗಿರಿ. ಔಷಧದ ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಒಯ್ಯಿರಿ. ಈಗ ನಿಮಗೆ ಓದಲು ಬರುತ್ತದೆ. ಡಬ್ಬಿಯ ಮೇಲಿನ ಹೆಸರು ಓದಿರಿ. ಅದರ ಮೇಲೆ ಓರೆಯಾಗಿ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧ ಕೆಂಪು ಇದ್ದರೆ ಅದು ಕಡುವಿಷ.

ಬಿಸಿಲು ಬಡಿದರೂ ವಾಂತಿ ಆಗುತ್ತದೆ. ಆಗ ಮೈ ಕಾದ ಹಂಚಿನಂತೆ ಸುಡಬಹುದು, ಮಾತು ತಪ್ಪಬಹುದು. ಅದಕ್ಕೂ ಬೇಗ ದವಾಖಾನೆ ಬೇಕು. ಇನ್ನು ಬಸಿರು ಇದ್ದೀತೋ ಏನೋ ಅಂತ ಅನುಮಾನ ಬಂದರೆ ಪರೀಕ್ಷೆ ಮಾಡಿಸಿರಿ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಪರೀಕ್ಷೆಗೆ ಮೊದಲೇ ಸಕ್ಕರೆ ಹಂಚುವುದೂ ಬೇಡ, ಆಮೇಲೆ ಸೊಸೆಯನ್ನು ಬಯ್ಯುವುದೂ ಬೇಡ.

ಹಸಿ ತಂಬಾಕಿನ ಬ್ಯಾನಿ ಬಂದರೆ ಏನು ಮಾಡಬೇಕು?

ಮೊದಲು ಹೊಲದಿಂದ ಹೊರಗೆ ಬನ್ನಿ. ತೊಯ್ದ ಅರಿವೆ ತೆಗೆಯಿರಿ. ಸಾಬಾಣ ಹಚ್ಚಿ ಕೈ, ಕಾಲು, ಮೈ ಚೆನ್ನಾಗಿ ತೊಳೆಯಿರಿ. ಕೈಯ ಅಂಟು ಹೋಗಲಿ ಅಂತ ಕಲ್ಲಿನಿಂದ ತಿಕ್ಕಬೇಡಿ. ಚರ್ಮ ಕಿತ್ತರೆ ವಿಷ ಇನ್ನೂ ಬೇಗ ಒಳಗೆ ಹೋಗುತ್ತದೆ. ಒಣ ಅರಿವೆ ಉಟ್ಟು ನೆರಳಿನಲ್ಲಿ ಮಲಗಿರಿ. ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಣ್ಣ ಚಮಚೆಯಿಂದ 6 ಮಟ್ಟಸ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಹಾಕಿರಿ. ಗುಣ ಆಗುವ ತನಕ ತಂಬಾಕಿನ ಹೊಲಕ್ಕೆ ಹೋಗಬೇಡಿ.

ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎಚ್ಚರ ತಪ್ಪಿದರೆ, ಉಸಿರಾಟಕ್ಕೆ ತೊಂದರೆಯಾದರೆ, ಎದೆ ಬಡಿತ ಏರುಪೇರಾದರೆ ಕೂಡಲೇ ದವಾಖಾನೆಗೆ ಹೋಗಿರಿ. ಅಲ್ಲಿ ಬಾಯಿ ಬಿಟ್ಟು ಹೇಳಿರಿ: "ನಾನು ಇವತ್ತು ಹಸಿ ತಂಬಾಕಿನ ಕೆಲಸ ಮಾಡೇನಿ. ಇಷ್ಟು ತಾಸು ಮಾಡೇನಿ. ಅರಿವಿ ತೊಯ್ದಿದ್ದವು." ಡಾಕ್ಟರು ಕೇಳಲಿ ಅಂತ ಕಾಯಬೇಡಿ.

ಕೆಲವರು ಇದಕ್ಕೆ ಒಂದು ಕೆಟ್ಟ ಉಪಾಯ ಹೇಳುತ್ತಾರೆ. "ಬಾಯಾಗ ಸ್ವಲ್ಪ ತಂಬಾಕ ಇಟ್ಕೋ, ಮಶೇರಿ ತಿಕ್ಕು, ರೂಢಿ ಆದ್ರ ತಲಿ ತಿರಗೂದಿಲ್ಲ" ಅನ್ನುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ಅದಕ್ಕೇ ಇದು ಅಪಾಯ. ತಂಬಾಕಿನ ಚಟ ಇದ್ದವರ ಮೈ ಆ ವಿಷಕ್ಕೆ ಒಗ್ಗಿರುತ್ತದೆ. ಅವರಿಗೆ ವಾಂತಿ ಕಡಿಮೆ. ಆದರೆ ಒಗ್ಗುವುದು ಅಂದರೆ ಗುಣ ಆಗುವುದಲ್ಲ. ಎರಡು ದಿನದ ವಾಂತಿಗೆ ಹೆದರಿ ಬಾಯಿ ಕ್ಯಾನ್ಸರನ್ನು ಮನೆಗೆ ಕರೆಯಬಾರದು.

ಬರದಂತೆ ಏನು ಮಾಡಬೇಕು? ಇಬ್ಬನಿ ಆರಿದ ಮೇಲೆ ಹೊಲಕ್ಕೆ ಇಳಿಯಿರಿ. ಮಳೆ ಬಂದ ದಿನ ಎಲೆ ಮುಟ್ಟಬೇಡಿ. ತುಂಬು ತೋಳಿನ ಅಂಗಿ ಹಾಕಿರಿ. ಮುಂದೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಿರಿ. ರಬ್ಬರಿನ ಕೈಗವಸು ಹಾಕಿರಿ. ಕೈಗವಸಿನ ಒಳಗೆ ನೀರು ಹೋದರೆ ತೆಗೆದು ತೊಳೆದು ಒಣಗಿಸಿರಿ. ಒಂದು ಜೊತೆ ಒಣ ಅರಿವೆ ಬುತ್ತಿಯ ಜೊತೆಗೇ ಒಯ್ಯಿರಿ. ಬುತ್ತಿ ಬಿಚ್ಚುವ ಮೊದಲು ಸಾಬಾಣದಿಂದ ಕೈ ತೊಳೆಯಿರಿ. ಕೂಸಿಗೆ ಹಾಲು ಕೊಡುವ ಮೊದಲೂ ತೊಳೆಯಿರಿ. ಬಸುರಿಯರು, ಹಾಲು ಕುಡಿಸುವ ತಾಯಂದಿರು ತೊಯ್ದ ತಂಬಾಕಿನ ಕೆಲಸಕ್ಕೆ ಹೋಗಲೇಬಾರದು. ಈ ವಿಷ ತಾಯಿಯಿಂದ ಕೂಸಿಗೂ ಹೋಗುತ್ತದೆ. ಮಕ್ಕಳನ್ನು ಆ ಹೊಲಕ್ಕೆ ಕರೆದೊಯ್ಯಬೇಡಿ. ಮಕ್ಕಳ ಮೈ ಸಣ್ಣದು, ವಿಷ ಬೇಗ ಏರುತ್ತದೆ.

ನೀವು ಕೇಳಬಹುದು: "ಟೀಚರ್, ಇಬ್ಬನಿ ಆರೂ ತನಕ ಕುಂತ್ರ ಕೂಲಿ ಯಾರು ಕೊಡ್ತಾರ?" ಸರಿಯಾದ ಪ್ರಶ್ನೆ. ಒಬ್ಬಳೇ ಕೇಳಿದರೆ "ನಾಳೆಯಿಂದ ಬರಬ್ಯಾಡ" ಅನ್ನಬಹುದು. ಎಲ್ಲರೂ ಕೂಡಿ ಕೇಳಿರಿ. ಇದೇ ನಿಪ್ಪಾಣಿಯಲ್ಲಿ ತಂಬಾಕಿನ ವಖಾರದ ಸಾವಿರಾರು ಹೆಣ್ಣುಮಕ್ಕಳು ಸಂಘ ಕಟ್ಟಿ ಹಕ್ಕು ಕೇಳಿದ್ದರು. ಅವರ ಹೋರಾಟದ ಮೇಲೆ ಯುಗಾಂತರ ಅನ್ನುವ ಮಹಿಳೆಯರ ತಂಡ 1982ರಲ್ಲಿ ಸಿನೆಮಾ ಮಾಡಿತು. ಅವರಲ್ಲಿ ಬಹಳ ಜನರಿಗೆ ಓದು ಬರುತ್ತಿರಲಿಲ್ಲ. ನಿಮಗೆ ಓದೂ ಬರುತ್ತದೆ.

ನಮ್ಮ ಆ ಅಕ್ಕನ ಗುಂಪಿನವರೂ ಹೀಗೇ ಮಾಡಿದರು. ಎಂಟು ಜನ ಕೂಡಿ ಹೊಲದ ಒಡೆಯರ ಹತ್ತಿರ ಹೋದರು. "ಎರಡು ತಾಸು ತಡಾ ಬರ್ತೇವಿ, ಎರಡು ತಾಸು ತಡಾ ಹೋಗ್ತೇವಿ. ಒಂದು ಕೊಡ ನೀರು, ಒಂದು ಸಾಬಾಣ ಹೊಲದಾಗ ಇಡ್ರಿ" ಅಂದರು. ಒಡೆಯರು ಮೊದಲು ಗೊಣಗಿದರು. ಆಮೇಲೆ ಒಪ್ಪಿದರು. ಕೈಗವಸು ಇನ್ನೂ ಕೊಟ್ಟಿಲ್ಲ. ಕೇಳುತ್ತಾ ಇದ್ದಾರೆ.

ಆ ಅಕ್ಕ ಡಾಕ್ಟರ ಮಾತನ್ನು ಅತ್ತೆಗೆ ಹೇಳಿದಳು. ವಹಿ ತೆಗೆದು ಓದಿ ತೋರಿಸಿದಳು. ಅತ್ತೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ನಾನೂ ಹರೇದಾಗ ಹಂಗ ಕಾರಿಕೋತಿದ್ದೆ. ನನ್ನ ಅತ್ತಿನೂ ನನಗ ಹಂಗ ಬಯ್ದಿದ್ದಳು" ಅಂದಳಂತೆ. ಎರಡು ತಲೆಮಾರು ಈ ಬ್ಯಾನಿಗೆ ಹೆಸರು ಇರಲಿಲ್ಲ.

ಸುಮಾರು 300 ವರ್ಷದ ಹಿಂದೆ ಇಟಲಿ ದೇಶದಲ್ಲಿ ರಾಮಜೀನಿ ಅಂತ ಒಬ್ಬ ಡಾಕ್ಟರು ಇದ್ದರು. ದುಡಿಯುವ ಜನರ ಕಾಯಿಲೆಗಳ ಮೇಲೆ ಪುಸ್ತಕ ಬರೆದರು. ಅದು ಮೊದಲು 1700ರಲ್ಲಿ ಅಚ್ಚಾಯಿತು. ತಂಬಾಕಿನ ಕೆಲಸಗಾರರ ತಲೆನೋವು, ಹೊಟ್ಟೆ ತೊಳಸುವುದು ಅದರಲ್ಲಿ ಬಂದಿದೆ. ರೋಗಿ ಬಂದರೆ "ನಿನ್ನ ಕೆಲಸ ಏನು?" ಅಂತ ಕೇಳಿರಿ ಎಂದು ಅವರು ಬೇರೆ ಡಾಕ್ಟರುಗಳಿಗೆ ಹೇಳಿದರು. ಡಾಕ್ಟರು ಕೇಳುವುದನ್ನು ಮರೆತರೆ ನಾವು ಹೇಳುವುದನ್ನು ಮರೆಯಬಾರದು.

ಈ ಮಾತು ನಿಪ್ಪಾಣಿ, ಚಿಕ್ಕೋಡಿಯ ತಂಬಾಕಿಗೆ ಮಾತ್ರ ಅಲ್ಲ. ಅಥಣಿಯ ದ್ರಾಕ್ಷಿ ತೋಟದಲ್ಲಿ ದುಡಿಯುವವರಿಗೂ ಬೇಕು. ರಾಯಬಾಗ, ಕಾಗವಾಡದ ಕಬ್ಬಿನ ಹೊಲದಲ್ಲಿ ದುಡಿಯುವವರಿಗೂ ಬೇಕು. ಗೊತ್ತಿಲ್ಲದ ಬ್ಯಾನಿ ಬಂದರೆ ಮೂರು ವಿಷಯ ಬರೆದಿಡಿ. ಯಾವ ದಿನ ಬಂತು? ಅವತ್ತು ಏನು ಕೆಲಸ ಮಾಡಿದಿರಿ? ಎಷ್ಟು ದಿನಕ್ಕೆ ಹೋಯಿತು? ಆ ಚೀಟಿ ಡಾಕ್ಟರ ಕೈಗೆ ಕೊಡಿ. ಸೊಟ್ಟ ಅಕ್ಷರಕ್ಕೆ ನಾಚಬೇಡಿ.



ಓದಿ, ಮಾತಾಡಿ, ಬರೆಯಿರಿ

1. ಹಸಿ ತಂಬಾಕಿನ ವಿಷ ಮೈಯೊಳಗೆ ಹೇಗೆ ಹೋಗುತ್ತದೆ?
2. ಯಾವ ಲಕ್ಷಣ ಕಂಡರೆ ಕೂಡಲೇ 108ಕ್ಕೆ ಫೋನ್ ಮಾಡಬೇಕು?
3. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ? ಆಗ ಏನು ಮಾಡಿದಿರಿ?
4. ಈ ವಾರದ ನಿಮ್ಮ ಕೆಲಸವನ್ನು ದಿನಕ್ಕೆ ಒಂದು ಸಾಲಿನಂತೆ ಬರೆಯಿರಿ.